ಕಿತ್ತಳೆ ತಂತಿಯೊಳಗಿನ ಬೆಳಕು

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬಸವನಗುಡಿಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮಾವಳ್ಳಿಯ ನನ್ನ ಅಂಗಡಿಗೆ ವಾಪಸಾಗಿಬಿಡುತ್ತೇನೆ ಎಂದುಕೊಂಡಿದ್ದೆ. ಕಾರಿನ ಜೊತೆಗೇ ಬಂದ ಹಳೆಯ ನ್ಯಾವಿಗೇಷನ್ ಸೆಟ್ಟು ಕಿತ್ತು ಹೊಸ ಆಂಡ್ರಾಯ್ಡ್ ಸೆಟ್ಟು ಕೂರಿಸುವುದು ನನಗೇನೂ ಹೊಸದಲ್ಲ. ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಎಂದು ನಾಲ್ಕು ಜನರೆದುರು ಜಂಬ ಕೊಚ್ಚಿಕೊಂಡವನೂ ಹೌದು. ಆ ಮಾತಿಗೆ ಮುಂದಿನ ಮೂರು ದಿನ ನಾನೇ ನಾಚಿಕೊಳ್ಳಬೇಕಾಯಿತು.

ಕಾರಿನ ಒಡತಿ ಸರ್ಕಾರಿ ಹೈಸ್ಕೂಲಿನ ಗಣಿತದ ಮೇಡಂ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡು ಕಾಲಿಗೂ ಬಲವಿಲ್ಲ. ಬೆನ್ನಿಗೆ ಗಟ್ಟಿ ಪಟ್ಟಿ ಬಿಗಿದುಕೊಂಡೇ ಕೂರಬೇಕು. ಕಾರು ಜರ್ಮನಿಯದು, ಹದಿಮೂರು ಹದಿನಾಲ್ಕು ವರ್ಷ ಹಳೆಯದು. ಶೋಕಿಗೆ ಕೊಂಡದ್ದಲ್ಲ. ಅದರ ಬಾಗಿಲು ಅಗಲವಾಗಿ ತೆರೆಯುತ್ತದೆ, ಗುಂಡಿ ಒತ್ತಿದರೆ ಸೀಟು ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಮೇಡಂ ಗಾಲಿಕುರ್ಚಿಯಿಂದ ತಾವೇ ಸೀಟಿಗೆ ಜಾರಿಕೊಂಡು, ಕುರ್ಚಿಯನ್ನು ಮಡಚಿ ಮೈಮೇಲಿಂದಲೇ ಎಳೆದು ಪಕ್ಕದ ಸೀಟಿಗೆ ಹಾಕಿಕೊಳ್ಳುತ್ತಾರೆ. ಬ್ರೇಕು, ಆಕ್ಸಿಲರೇಟರು ಎರಡಕ್ಕೂ ಸೇರಿ ಎಡಗೈಗೆ ಒಂದು ಕಬ್ಬಿಣದ ಹಿಡಿ ಇದೆ. ಬಲಗೈ ಸ್ಟೇರಿಂಗ್ ಬಿಡುವ ಹಾಗಿಲ್ಲ.

ಅವರಿಗೆ ಹೆಡ್‌ಮಿಸ್ಟ್ರೆಸ್ ಆಗಿ ಬಡ್ತಿ ಬಂದಿತ್ತು. ಊರ ಹೊರಗಿನ ಹೊಸ ಬಡಾವಣೆಯೊಂದರ ಸ್ಕೂಲಿಗೆ ಸೋಮವಾರ ಹೋಗಿ ಹಾಜರಾಗಬೇಕು. ಹಿಂದಿನ ಭಾನುವಾರ ದಾರಿ ನೋಡಿಕೊಂಡು ಬರೋಣವೆಂದು ಒಬ್ಬರೇ ಹೊರಟಿದ್ದರಂತೆ. ರಿಂಗ್ ರೋಡ್ ದಾಟಿದ ಮೇಲೆ ಹಳೆಯ ಸೆಟ್ಟಿನ ಮ್ಯಾಪಿನಲ್ಲಿ ರಸ್ತೆಯೇ ಇಲ್ಲ, ಬರೀ ಹಸಿರು. ಅರ್ಧ ಗಂಟೆ ಹೊಲದಲ್ಲಿ ಓಡಿಸಿದ ಹಾಗಾಯಿತು, ಸ್ಕೂಲು ಸಿಗಲೇ ಇಲ್ಲ ಎಂದರು. ಫೋನನ್ನು ಮುಂದೆ ಸಿಕ್ಕಿಸಿಯೂ ನೋಡಿದ್ದರಂತೆ. ಅಷ್ಟರಲ್ಲಿ ಯಾರದೋ ಕರೆ ಬಂದು ಮ್ಯಾಪು ಹಿಂದಕ್ಕೆ ಸರಿದು ಹೋಯಿತು.

"ನನ್ನ ಎರಡು ಕೈಗೂ ಕೆಲಸ ಇರುತ್ತೆ. ಅದನ್ನ ಮುಟ್ಟಿ ಸರಿ ಮಾಡೋಕೆ ಮೂರನೇ ಕೈ ಎಲ್ಲಿಂದ ತರ್ಲಿ?" ಎಂದರು.

ಆದ್ದರಿಂದ ಹೊಸ ಸೆಟ್ಟು ಸ್ಟೇರಿಂಗಿನ ಮೇಲಿರುವ ಗುಂಡಿಗಳ ಮಾತು ಕೇಳಬೇಕು, ಬಲಗೈ ಹೆಬ್ಬೆರಳಿಗೆ ಎಲ್ಲವೂ ಸಿಗಬೇಕು. ಇದು ಅವರ ಮೊದಲ ಷರತ್ತು. ಎರಡನೆಯದು ಏನೆಂದು ಕೂತು ನೋಡಿ ಎಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಾರನ್ನು ಗೇಟಿನಿಂದ ಹಿಂದಕ್ಕೆ ತೆಗೆದರು.

ಅದನ್ನು ಹೇಗೆ ಹೇಳಲಿ. ಗೇಟಿನ ಎರಡು ಕಲ್ಲುಕಂಬಗಳ ನಡುವೆ ಆ ಕಾರಿಗೆ ಎರಡೂ ಪಕ್ಕ ಅಂಗೈ ಅಗಲದ ಜಾಗ ಅಷ್ಟೇ. ಆಚೆ ಸಣ್ಣ ರಸ್ತೆ, ಎದುರು ಮನೆಯ ಮುಂದೆ ನಿಲ್ಲಿಸಿದ ಕಾರು, ಅದರ ಪಕ್ಕ ತರಕಾರಿ ಗಾಡಿ. ಮೇಡಂ ಕುತ್ತಿಗೆ ತಿರುಗಿಸಲಿಲ್ಲ, ಬೆನ್ನಿನ ಪಟ್ಟಿ ತಿರುಗಲು ಬಿಡುವುದೂ ಇಲ್ಲ. ಕಣ್ಣು ಪಕ್ಕದ ಕನ್ನಡಿಗಳಲ್ಲಿ, ಕಿವಿ ಬೀಪ್ ಸದ್ದಿನಲ್ಲಿ. ಹಿಂದೆ ಏನಾದರೂ ಹತ್ತಿರವಾದರೆ ಆ ಕಾರಿನ ಸ್ಪೀಕರುಗಳು ಬೀಪ್ ಎನ್ನುತ್ತವೆ, ಹತ್ತಿರವಾದಷ್ಟೂ ಬೇಗಬೇಗ. ಎಡ ಮೂಲೆಯದಕ್ಕೆ ಎಡಗಡೆ, ಬಲ ಮೂಲೆಯದಕ್ಕೆ ಬಲಗಡೆ. ಸದ್ದು ಒಂದೇ ಸಮ ಆಗುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, ಸ್ಟೇರಿಂಗ್ ತಿರುಗಿಸಿ, ಒಂದೇ ಸಲಕ್ಕೆ ರಸ್ತೆಗಿಳಿದರು. ನಾನಾಗಿದ್ದರೆ ಮೂರು ಸಲ ಹಿಂದೆ ಮುಂದೆ ಆಡಿಸಿ, ಗಾಡಿಯವನ ಹತ್ತಿರ ಬೈಸಿಕೊಂಡು ಹೊರಬೀಳುತ್ತಿದ್ದೆ. 

ಹಿಂದಿನದು ಕಾಣಿಸುವ ಹಾಗೆ ಕ್ಯಾಮೆರಾ ಹಾಕಿಕೊಡುತ್ತೇನೆ ಎಂದೆ. ಹಾಕಿ, ಬೇಡ ಅನ್ನಲ್ಲ, ಆದರೆ ನನ್ನ ಕಣ್ಣು ಕನ್ನಡಿಗೆ ಬೇಕು, ಬೀಪ್ ಮಾತ್ರ ಹೋಗಕೂಡದು ಎಂದರು. ಎರಡನೆಯ ಷರತ್ತು ಅದು. ಹೋಗಲ್ಲ ಬಿಡಿ ಮೇಡಂ ಎಂದು ಎಷ್ಟು ಹಗುರವಾಗಿ ಹೇಳಿದೆನೋ.

ಕೆಲಸ ಅವರ ಮನೆಯ ಪೋರ್ಟಿಕೋದಲ್ಲೇ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕಾಲು ಗಂಟೆ ಬಿಟ್ಟೆ. ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯಿಂದ ಡ್ಯಾಶ್‌ಬೋರ್ಡಿನ ಅಂಚುಪಟ್ಟಿ ಎಬ್ಬಿಸಿ, ನಾಲ್ಕು ಸ್ಕ್ರೂ ತೆಗೆದು ಹಳೆಯ ಸೆಟ್ಟನ್ನು ಹೊರಕ್ಕೆಳೆದೆ. ಹಿಂದಿನ ಪೊಳ್ಳಿನಲ್ಲಿ ಒಂದಿಷ್ಟು ಅಕ್ಷತೆ ಕಾಳು, ಒಣಗಿದ ಸೇವಂತಿಗೆ ಎಸಳು. ವರ್ಷವರ್ಷದ ಆಯುಧಪೂಜೆ ಗಾಳಿಕಿಂಡಿಯಿಂದ ಒಳಗಿಳಿದು ಅಲ್ಲೇ ಕೂತಿತ್ತು. ನಮ್ಮ ಕಸುಬಿನಲ್ಲಿ ಇದು ಮಾಮೂಲು.

ಮಾಮೂಲಲ್ಲದ್ದು ದೊಡ್ಡ ಪ್ಲಗ್ಗಿನ ನಡುವೆ ಇತ್ತು. ಕಿತ್ತಳೆ ಬಣ್ಣದ ಎರಡು ಸಣ್ಣ ತಂತಿ. ತಂತಿ ಎನ್ನುತ್ತೇನೆ, ಒಳಗೆ ತಾಮ್ರ ಇಲ್ಲ. ಪಾರದರ್ಶಕ ಪ್ಲಾಸ್ಟಿಕ್ಕಿನ ಎಳೆ, ಅದರೊಳಗೆ ಓಡುವುದು ಕರೆಂಟಲ್ಲ, ಬೆಳಕು. ಆ ಕಾಲದ ಇಂಥ ಕಾರುಗಳಲ್ಲಿ ಹಾಡು, ಬೀಪು, ಎಚ್ಚರಿಕೆಯ ಗಂಟೆ ಎಲ್ಲವೂ ಬೆಳಕಾಗಿ ಡ್ಯಾಶ್‌ಬೋರ್ಡಿನಿಂದ ಹೊರಟು, ಸೀಟಿನಡಿ ಕಾರಿನ ಫೋನ್ ಕರೆಗಳಿಗೆಂದೇ ಇರುವ ಫೋನ್ ಪೆಟ್ಟಿಗೆಗೆ, ಅಲ್ಲಿಂದ ಡಿಕ್ಕಿಯ ಆಂಪ್ಲಿಫೈಯರಿಗೆ, ಅಲ್ಲಿಂದ ತಿರುಗಿ ಡ್ಯಾಶ್‌ಬೋರ್ಡಿಗೆ ಬರುತ್ತವೆ. ಒಂದು ಸುತ್ತು. ಎಲ್ಲಾದರೂ ಒಂದು ಕಡೆ ಕಡಿದರೆ ಇಡೀ ಸುತ್ತು ಸತ್ತಂತೆ. ಕೇಳಿದ್ದೆ, ಕೈಯಾರೆ ಮುಟ್ಟಿದ್ದು ಅದೇ ಮೊದಲು. ಹೊಸ ಸೆಟ್ಟಿಗೆ ಆ ಬೆಳಕಿನ ಭಾಷೆ ಬರುವುದಿಲ್ಲವಾದ್ದರಿಂದ ನಡುವೆ ದುಭಾಷಿಯಂತೆ ಒಂದು ಡಿಕೋಡರ್ ಪೆಟ್ಟಿಗೆ ಕೂರಬೇಕು. ಅದನ್ನು ಜೆ.ಸಿ. ರಸ್ತೆಯ ಪರಿಚಯದ ಅಂಗಡಿಯವನಿಂದ ತರಿಸಿದ್ದೆ. ಅವನು ಕೊಟ್ಟ ಎಚ್ಚರಿಕೆ ಒಂದೇ: ಆ ಕಿತ್ತಳೆ ತಂತಿಯನ್ನು ಬಳೆಗಿಂತ ಚಿಕ್ಕದಾಗಿ ಬಗ್ಗಿಸಬೇಡ, ಬೆಳಕು ತಿರುವಿನಲ್ಲಿ ಸೋರಿ ಹೋಗುತ್ತದೆ.

ತಂತಿಯ ತುದಿಯನ್ನು ಹಳೆಯ ಪ್ಲಗ್ಗಿನಿಂದ ಜಾಗರೂಕತೆಯಿಂದ ಬಿಡಿಸಿ ಡ್ಯಾಶ್‌ಬೋರ್ಡಿನ ಬಾಯಿಯಲ್ಲಿ ಇಳಿಬಿಟ್ಟೆ. ಆಗ ಮೇಡಂ ಅವರ ತಾಯಿ ಹೊರಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಚುರುಕು ನಡಿಗೆ. ಒಂದು ಕೈಯಲ್ಲಿ ನನಗೆ ಕಾಫಿ, ಇನ್ನೊಂದರಲ್ಲಿ ಅರಿಶಿನ ಕುಂಕುಮದ ಬಟ್ಟಲು. ಮಗಳಿಗೆ ಹೊಸ ಕೆಲಸ, ಕಾರಿಗೆ ಹೊಸ ವಸ್ತು, ಅದೂ ಶುಕ್ರವಾರ. ಹೊಸ ಸೆಟ್ಟಿನ ಅಂಚಿಗೆ ಬೊಟ್ಟಿಟ್ಟರು, ಡಿಕೋಡರಿಗೆ ಇಟ್ಟರು, ಆಮೇಲೆ ಕಾರಿನೊಳಗೆ ಬಗ್ಗಿ ಡ್ಯಾಶ್‌ಬೋರ್ಡಿನ ತೆರೆದ ಬಾಯಿಯ ಮೇಲಂಚಿಗೂ ಒಂದು ಚಿಟಿಕೆ.

ಬೇಡ ಎನ್ನಬೇಕು ಅನ್ನಿಸಿತು. ಅನ್ನಲಿಲ್ಲ. ನಾನು ಶ್ರೀರಾಂಪುರದವನು. ನಮ್ಮ ಮನೆಗೆ ಅಪ್ಪನ ಕಾಲದಲ್ಲೇ ಬುದ್ಧನ ಪಟ ಬಂತು, ಕುಂಕುಮದ ರೂಢಿ ಹೋಯಿತು. ಗಿರಾಕಿಗಳು ಇಟ್ಟರೆ ನಾನು ತಡೆಯುವುದಿಲ್ಲ, ಅವರ ಸಂತೋಷ. ಆದರೆ ಬಸವನಗುಡಿಯ ಆ ಪೋರ್ಟಿಕೋದಲ್ಲಿ ನಿಂತು, ಅಂಥ ಮುದುಕಮ್ಮನಿಗೆ, ನಾನು, ಕುಂಕುಮ ಬೇಡ ಎನ್ನುವುದೆಂದರೆ ನಾಲಿಗೆ ಏಳಲಿಲ್ಲ. ಕಾಫಿ ಕುಡಿದು ಲೋಟ ಕೊಟ್ಟೆ.

ಮೂರು ಗಂಟೆಯ ಹೊತ್ತಿಗೆ ಎಲ್ಲವೂ ಜೋಡಣೆಯಾಯಿತು. ಬ್ಯಾಟರಿ ಕೊಟ್ಟು ಚಾವಿ ತಿರುಗಿಸಿದರೆ ಪರದೆ ಝಗ್ಗೆಂದು ಬೆಳಗಿತು. ಮ್ಯಾಪಿನಲ್ಲಿ ಆ ಬಡಾವಣೆ, ಅದರ ಅಡ್ಡರಸ್ತೆಗಳು, ಮೂಲೆಯ ಸ್ಕೂಲು ಎಲ್ಲ ಇದ್ದವು. ಸ್ಟೇರಿಂಗಿನ ಗುಂಡಿಗಳೂ ಮಾತು ಕೇಳಿದವು. ಮೇಡಂ ಮುಖ ಅರಳಿತು. ರಿವರ್ಸ್ ಹಾಕಿದರು. ಕಾರು ಮೂಕವಾಗಿತ್ತು. ಹಿಂದೆ ಹೂಕುಂಡದ ಹತ್ತಿರಕ್ಕೆ ಸರಿದರೂ ಬೀಪ್ ಇಲ್ಲ, ಬೆಲ್ಟ್ ಹಾಕದಿದ್ದರೂ ಗಂಟೆ ಇಲ್ಲ, ಹಾಡು ಹಾಕಿದರೆ ಹಾಡೂ ಇಲ್ಲ.

ಸಂಜೆಯವರೆಗೂ ಸೆಟ್ಟಿಂಗುಗಳಲ್ಲಿ ತಡಕಾಡಿದೆ. ಅಂಗಡಿಯವನಿಗೆ ಫೋನ್ ಮಾಡಿದರೆ ಅವನು ಎರಡನೇ ಮಾತಿಲ್ಲದೆ, ಡಿಕೋಡರ್ ಹೋಗಿದೆ ಮಗಾ, ಬಂದು ಬೇರೆ ತಗೊಂಡ್ಹೋಗು ಎಂದ. ಶನಿವಾರ ಬೆಳಿಗ್ಗೆ ಬೇರೆ ಡಿಕೋಡರ್ ತಂದು ಹಾಕಿದೆ. ಅದೇ ಮೌನ. ಆಂಪ್ಲಿಫೈಯರಿನ ಫ್ಯೂಸು ನೋಡಿದೆ, ಸರಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಸಿಟ್ಟು ನೆತ್ತಿಗೇರಿ, ಯಾರ ಮೇಲೆ ಎಂದು ಗೊತ್ತಾಗದೆ, ಸ್ಕ್ರೂ ಡ್ರೈವರನ್ನು ಪೆಟ್ಟಿಗೆಗೆ ಎಸೆದೆ. ಮೇಡಂ ಗಾಲಿಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. 

ಸೋಮವಾರಕ್ಕೆ ಹೇಗೂ ಬೀಪ್ ಬೇಕಲ್ಲ, ಸದ್ಯ ಹಳೆಯದನ್ನೇ ಮರಳಿ ಹಾಕಿಕೊಡುತ್ತೇನೆ, ಉಳಿದದ್ದು ಮುಂದಿನ ವಾರ ನೋಡೋಣ ಎಂದೆ. ಅವರು ತಲೆಯಾಡಿಸಿದರು. ಹಳೆಯ ಸೆಟ್ಟನ್ನು ಅದರ ಜಾಗದಲ್ಲಿ ಕೂರಿಸಿ ಚಾವಿ ತಿರುಗಿಸಿದೆ. ಪರದೆ ಬಂತು. ಹಸಿರು ಹೊಲದ ಮ್ಯಾಪೂ ಬಂತು. ಸದ್ದು ಬರಲಿಲ್ಲ.

 ಅದುವರೆಗೆ ಹೊಸದು ಕೂರುತ್ತಿಲ್ಲ ಎಂದುಕೊಂಡಿದ್ದೆ. ಈಗ ಚೆನ್ನಾಗಿದ್ದ ಕಾರನ್ನೇ ನಾನು ಕೆಡಿಸಿದ್ದೆ. ಸೋಮವಾರಕ್ಕೆ ಒಬ್ಬ ಡ್ರೈವರನ್ನು ಕರೆತರುತ್ತೇನೆ, ಇಲ್ಲವೇ ಒಳ್ಳೆಯ ಆಟೋದವನಿದ್ದಾನೆ ಎಂದು ಬೆಬ್ಬೆಬ್ಬೆ ಅಂದೆ.

"ಆಟೋಗೆ ನನ್ನ ಹತ್ತಿಸೋಕೆ ಇಬ್ರು ಬೇಕು, ಇಳಿಸೋಕೆ ಇಬ್ರು ಬೇಕು," ಎಂದರು ಮೇಡಂ. ದನಿ ಏರಿಸಲಿಲ್ಲ. "ಕಾರಲ್ಲಿ ಯಾರೋ ಡ್ರೈವರ್ ಕೂತ್ರೆ ನನ್ನ ಸೀಟು ಅವ್ರದ್ದಾಗುತ್ತೆ. ಆ ಕಡೆ ಸೀಟು ಮೇಲಕ್ಕೆ ಏಳಲ್ಲ, ಅಲ್ಲೂ ಎತ್ತೇ ಕೂರಿಸ್ಬೇಕು. ಆ ಸ್ಕೂಲಿನವ್ರು ನನ್ನನ್ನ ಇನ್ನೂ ನೋಡಿಲ್ಲ. ಮೊದಲನೇ ದಿನ ಹೆಡ್‌ಮಿಸ್ಟ್ರೆಸ್ಸನ್ನ ಯಾರೋ ಎತ್ಕೊಂಡು ಬಂದ್ರು ಅಂತ ಆಗ್ಬಾರ್ದು."

 ಆಮೇಲೆ ಅವರೇ ಡ್ಯಾಶ್‌ಬೋರ್ಡನ್ನು ನೋಡಿ, ಬೋರ್ಡಿನ ಮೇಲೆ ಲೆಕ್ಕ ಬಿಡಿಸುವವರ ಹಾಗೆ ಕೇಳಿದರು:

"ಹೊಸದ್ರಲ್ಲೂ ಅದೇ ತೊಂದ್ರೆ, ಹಳೇದ್ರಲ್ಲೂ ಅದೇ ತೊಂದ್ರೆ. ಅಂದ್ರೆ ತೊಂದ್ರೆ ಎರಡರಲ್ಲೂ ಇಲ್ಲ, ಅಲ್ವಾ?"

ಎರಡು ದಿನದಿಂದ ನಾನು ಪೆಟ್ಟಿಗೆ ಬದಲಿಸುತ್ತಿದ್ದೆ, ಅವುಗಳ ನಡುವಿನ ದಾರಿಯನ್ನು ನೋಡಿರಲೇ ಇಲ್ಲ. ಅಲ್ಲೇ ತೀರ್ಮಾನ ಮಾಡಿದೆ. ಇನ್ನು ಯಾರಿಗೂ ಫೋನ್ ಮಾಡುವುದಿಲ್ಲ, ಊಹೆ ಮಾಡುವುದಿಲ್ಲ. ಭಾನುವಾರ ಬಂದು ಆ ಬೆಳಕು ಎಲ್ಲಿಯವರೆಗೆ ಬರುತ್ತದೆ ಎಂದು ಕಣ್ಣಾರೆ ನೋಡುತ್ತೇನೆ.

ಭಾನುವಾರ ಮಟಮಟ ಮಧ್ಯಾಹ್ನದ ಬಿಸಿಲು. ಅಷ್ಟು ಸಣ್ಣ ಬೆಳಕು ಅಂಥ ಬಿಸಿಲಿನಲ್ಲಿ ಕಾಣುವುದಾದರೂ ಹೇಗೆ? ಮೇಡಂ ಅವರ ಅಮ್ಮನನ್ನು ಕೇಳಿ ಒಂದು ಕರಿ ಕಂಬಳಿ ತರಿಸಿಕೊಂಡೆ. ಮತ್ತೆ ಹೊಸ ಸೆಟ್ಟು ಜೋಡಿಸಿ, ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಅದರಡಿಯ ಫೋನ್ ಪೆಟ್ಟಿಗೆಯಿಂದ ಕಿತ್ತಳೆ ತಂತಿಯನ್ನು ಬಿಡಿಸಿಕೊಂಡೆ. ಕಾರಿನ ನೆಲದಲ್ಲಿ ಮುದುಡಿ ಕೂತು ತಲೆಯ ಮೇಲೆ ಕಂಬಳಿ ಹೊದ್ದೆ. ಬೆವರು ಧಾರಾಕಾರ. ಬೀದಿಯಲ್ಲಿ ಹೋಗುವವರು ನೋಡಿದ್ದರೆ ನನಗೆ ಚಳಿಜ್ವರವೆಂದೇ ತಿಳಿಯುತ್ತಿದ್ದರು. ಮೇಡಂ ತಮ್ಮ ಸೀಟಿಗೆ ಜಾರಿಕೊಂಡು ಚಾವಿ ಹಿಡಿದು ಕೂತಿದ್ದರು.

ಹಾಕಿ ಮೇಡಂ ಎಂದೆ.

ಪೆಟ್ಟಿಗೆಯ ಕಿಂಡಿಯಲ್ಲಿ ಒಂದು ಕೆಂಪು ಚುಕ್ಕೆ ಹೊತ್ತಿಕೊಂಡಿತು. ಸಾಸಿವೆ ಕಾಳಿನಷ್ಟು. ಸುತ್ತ ಕಗ್ಗತ್ತಲು, ಅದರ ನಡುವೆ ಅಷ್ಟು ಶುದ್ಧವಾದ, ಅಲುಗಾಡದ ಕೆಂಪು.  ಇಷ್ಟು ವರ್ಷ ಕಾರುಗಳ ಹೊಟ್ಟೆಯಲ್ಲಿ ಕೈಯಾಡಿಸಿದ್ದೇನೆ, ತಾಮ್ರದಲ್ಲಿ ಓಡುವುದನ್ನು ಮೀಟರಿನ ಮುಳ್ಳಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಇದು ಕಣ್ಣೆದುರೇ ಇತ್ತು. ಈ ಚುಕ್ಕೆಯೇ ಹಾಡು, ಈ ಚುಕ್ಕೆಯೇ ಗಂಟೆ. ಮೇಡಂ ತಮ್ಮ ಬೆನ್ನ ಹಿಂದಿನ ಲೋಕವನ್ನು ತಿಳಿಯುವುದು ಈ ಚುಕ್ಕೆಯಿಂದ. ಎಷ್ಟು ಹೊತ್ತು ನೋಡಿದೆನೋ, ಮೇಲಿಂದ ಮೇಡಂ ಕರೆದ ಮೇಲೆಯೇ ಎಚ್ಚರವಾಯಿತು.

"ಏನ್ರೀ, ಬೆಳಕು ಬಂತಾ?"

ಬಂತು ಮೇಡಂ, ನೀವೂ ನೋಡಬೇಕು ಎಂದೆ. ಕಂಬಳಿಯ ಒಂದು ಅಂಚನ್ನು ಅವರ ಕಡೆಗೆ ಎತ್ತಿದೆ. ಅವರು ಪಟ್ಟಿ ಬಿಗಿದ ಬೆನ್ನನ್ನು ಎಷ್ಟಾಗುತ್ತದೋ ಅಷ್ಟು ಬಾಗಿಸಿ ಕಂಬಳಿಯೊಳಗೆ ಮುಖ ತೂರಿಸಿದರು.  ಇದೇನಾ ನನ್ನ ಬೀಪು ಎಂದು ಅವರು ಮೆಲ್ಲಗೆ ಕೇಳಿದರು. ಹೌದು ಎಂದೆ.

ಆದರೆ ಅದು ಪೆಟ್ಟಿಗೆಯಿಂದ ಮುಂದಕ್ಕೆ ಹೊರಡುವ ಬೆಳಕು. ಡ್ಯಾಶ್‌ಬೋರ್ಡಿನಿಂದ ಬರಬೇಕಾದದ್ದನ್ನು ನೋಡಲು ಕೈಯಲ್ಲಿದ್ದ ತಂತಿಯ ತುದಿಯನ್ನು ತಿರುಗಿಸಿದೆ. ಅಲ್ಲೂ ಕೆಂಪು ಇತ್ತು, ಆದರೆ ಮಂಕು. ಆರಿಹೋಗುತ್ತಿರುವ ಊದುಬತ್ತಿಯ ತುದಿಯ ಹಾಗೆ. ಹೋಗುವುದು ಪ್ರಖರ, ಬರುವುದು ಮಂಕು ಎಂದರೆ ತೊಂದರೆ ಡ್ಯಾಶ್‌ಬೋರ್ಡಿನಿಂದ ಸೀಟಿನವರೆಗಿನ ಆ ಎರಡು ಮೊಳದಲ್ಲೇ. ಬಾಗಿಲ ಹೊಸ್ತಿಲಪಟ್ಟಿ ಎತ್ತಿ ತಂತಿಯ ಉದ್ದಕ್ಕೂ ಬೆರಳಾಡಿಸಿದೆ. ಎಲ್ಲೂ ಮಡಚಿಕೊಂಡಿಲ್ಲ, ಜಜ್ಜಿಹೋಗಿಲ್ಲ. ಉಳಿದದ್ದು ಡ್ಯಾಶ್‌ಬೋರ್ಡಿನ ಕಡೆಯ ತುದಿ.

ಅದನ್ನು ಹೊರತೆಗೆದು ನೋಡಿದರೆ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಆಗಲೇ ಅಮ್ಮ, ಪಂಚಾಂಗ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಕೇಳದೆಯೇ ತಂದು ಕೈಗಿಟ್ಟರು. ಅದರಲ್ಲಿ ನೋಡಿದೆ. ಗಾಜಿನಂಥ ತುದಿಯ ನಟ್ಟನಡುವೆ, ಬೆಳಕು ಹೊರಡುವ ಜಾಗದಲ್ಲಿ, ಒಂದು ಕಣ. ಕುಂಕುಮ.

ಬೆಳಕನ್ನು ತಡೆದದ್ದು ಅಷ್ಟೇ. ಉಗುರಿನ ತುದಿಗೂ ಸಿಗದಷ್ಟು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಪ್ಪು ಅಮ್ಮನದಲ್ಲ. ಇಳಿಬಿಟ್ಟ ತುದಿಗೆ ಧೂಳು ಕೂರದಂತೆ ಹಾಕಲು ಒಂದು ಪುಟ್ಟ ರಬ್ಬರ್ ಟೋಪಿಯನ್ನು ಡಿಕೋಡರಿನ ಜೊತೆಗೇ ಕೊಟ್ಟಿದ್ದರು. ಅದು ಶುಕ್ರವಾರದಿಂದ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಏನು ಸಿಕ್ತಪ್ಪಾ ಎಂದು ಅಮ್ಮ ಕೇಳಿದರು. ಧೂಳು ಅಮ್ಮಾ ಎಂದೆ. ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೇ ದಿಕ್ಕಿಗೆ ಒರೆಸಿ ತೆಗೆದೆ. ಬಿಳಿ ಹತ್ತಿಗೆ ಕೆಂಪು ಹತ್ತಿತು. ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು. ಕಡ್ಡಿಯನ್ನು ಜೇಬಿಗೆ ಹಾಕಿಕೊಂಡೆ. ಅಮ್ಮ ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸುತ್ತಾ ಒಳಗೆ ಹೋದರು.

ತುದಿ ಜೋಡಿಸಿ ಚಾವಿ ತಿರುಗಿಸಿದ್ದೇ ತಡ, ಬೆಲ್ಟ್ ಹಾಕಿಲ್ಲವೆಂದು ಕಾರು ಗಂಟೆ ಬಾರಿಸಿತು. ಆ ಗಂಟೆಗೆ ಎಷ್ಟು ಸಲ ಬೈದುಕೊಂಡಿದ್ದೇನೋ ಜೀವನದಲ್ಲಿ. ಅವತ್ತು ಬೆಲ್ಟ್ ಹಾಕದೆ ಕೂತು ಕೇಳಿದೆ. ಆಮೇಲೆ ಕಂಬಳಿ ಹೊದ್ದು ಸೀಟಿನಡಿ, ಡಿಕ್ಕಿಯಲ್ಲಿ, ಒಂದೊಂದು ಕಡೆಯೂ ತಂತಿ ಬಿಡಿಸಿ ನೋಡಿ ಬಂದೆ. ಕೆಲಸಕ್ಕೆ ಬೇಕಿರಲಿಲ್ಲ, ನನಗೆ ನೋಡಬೇಕಿತ್ತು. ಎಲ್ಲ ಕಡೆಯೂ ಅದೇ ಪ್ರಖರ ಕೆಂಪು. ಒಂದು ಸಣ್ಣ ಬೆಳಕು ಇಡೀ ಕಾರನ್ನು ಸುತ್ತಿ ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು, ಕ್ಷಣಕ್ಕೆ ಎಷ್ಟು ಸಲವೋ.

ಸೋಮವಾರ ಏಳೂವರೆಗೇ ಹೋದೆ. ಕರೆದಿರಲಿಲ್ಲ, ಮನಸ್ಸು ತಡೆಯಲಿಲ್ಲ. ಮೇಡಂ ಗಂಜಿ ಹಾಕಿದ ಹತ್ತಿ ಸೀರೆಯುಟ್ಟು ಆಗಲೇ ಸೀಟಿನಲ್ಲಿದ್ದರು, ಕುರ್ಚಿ ಮಡಚಿ ಪಕ್ಕಕ್ಕೆ ಹಾಕಿಕೊಂಡಾಗಿತ್ತು. ಅಮ್ಮ ಬಟ್ಟಲು ಹಿಡಿದು ಬಂದರು. ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು. ಅವರು ನನ್ನ ಮುಂದೆ ನಿಂತು ಬಟ್ಟಲನ್ನು ಬಾಗಿಸಿ ತೋರಿಸಿದರು. ಕುಂಕುಮ ಒದ್ದೆಯಾಗಿತ್ತು.

"ನೀರಲ್ಲಿ ಕಲಸಿದೀನಪ್ಪ, ಹಾರಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಅವತ್ತೇ ಬೇಡ ಅಂತ ಹೇಳ್ಬಾರ್ದಾಗಿತ್ತಾ? ನಾನೇನು ಬೇಜಾರು ಮಾಡ್ಕೋತಿದ್ನಾ?"

 ತಪ್ಪು ನಂದೇ ಅಮ್ಮಾ, ಟೋಪಿ ಹಾಕೋದು ಮರೆತೆ ಎಂದಷ್ಟೇ ಹೇಳಿದೆ. ಎಲ್ಲಿ ಇಟ್ಟರೆ ಸರಿ ಎಂದು ಅವರು ನನ್ನನ್ನೇ ಕೇಳಿದರು. ಸ್ಟೇರಿಂಗಿನ ನಡುಭಾಗ ತೋರಿಸಿದೆ. ಅಲ್ಲಿ ಉಂಗುರ ಬೆರಳಿನಿಂದ ಒಂದು ಬೊಟ್ಟಿಟ್ಟು ಹಿಂದೆ ಸರಿದರು.

ಮೇಡಂ ರಿವರ್ಸ್ ಹಾಕಿದರು. ನಾನು ಗೇಟಿನಾಚೆ ರಸ್ತೆಗೆ ಓಡಿದೆ. ಎದುರು ಮನೆಯ ಕಾರು ಇತ್ತು, ತರಕಾರಿ ಗಾಡಿಯೂ ಇತ್ತು, ಸಾಲದ್ದಕ್ಕೆ ಒಂದು ನೀರಿನ ಟ್ಯಾಂಕರ್. ನಾಲ್ಕು ಚಕ್ರ ಹಿಂದಕ್ಕೆ ಬರುವುದನ್ನು ಕಂಡರೆ ಈ ಊರಿನ ಯಾರೂ ಸುಮ್ಮನಿರಲಾರರು. ನನ್ನ ಕೈ ತಾನಾಗಿ ಎದ್ದಿತು, ಬಾಯಿ ತಾನಾಗಿ ತೆರೆಯಿತು. ಬರ್ಲಿ, ಬರ್ಲಿ, ರೈಟ್, ಸ್ವಲ್ಪ ಲೆಫ್ಟ್ ಎಂದು ಕೂಗತೊಡಗಿದೆ.

ಕಾರು ನಿಂತಿತು. ಕಿಟಕಿಯ ಗಾಜು ನಿಧಾನವಾಗಿ ಇಳಿಯಿತು.

"ಸ್ವಲ್ಪ ಸುಮ್ನಿರಿ," ಎಂದರು ಮೇಡಂ, ಕನ್ನಡಿಯಿಂದ ಕಣ್ಣು ತೆಗೆಯದೆ. "ನೀವು ಕೂಗಿದ್ರೆ ನನಗೆ ಬೀಪ್ ಕೇಳ್ಸಲ್ಲ."

ಕೈ ಇಳಿಸಿದೆ, ಬಾಯಿ ಮುಚ್ಚಿದೆ. ಟ್ಯಾಂಕರಿನವನೂ ಯಾಕೋ ಹಾರ್ನ್ ಒತ್ತುವುದನ್ನು ನಿಲ್ಲಿಸಿದ. ಆ ಮೌನದಲ್ಲಿ ಕಾರಿನೊಳಗಿಂದ ಬೀಪ್, ಬೀಪ್ ಎನ್ನುವುದು ನನಗೂ ಕೇಳಿಸಿತು. ಅವರು ಒಂದೇ ಸಲಕ್ಕೆ ರಸ್ತೆಗಿಳಿದು, ಗಾಜು ಏರಿಸಿಕೊಂಡು, ಸ್ಕೂಲಿಗೆ ಹೊರಟರು.